ಬಾವಿಯಲ್ಲಿ ಎರಡು ಸಲ ಆರಿದ ದೀಪ

ವಿಜ್ಞಾನದ ಪಿರಿಯಡ್ಡಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡಿದವನು. ಅದರಿಂದ ನಷ್ಟವೇನೂ ಆಗಲಿಲ್ಲ ಎಂದು ನಮ್ಮೂರು ಹೆಮ್ಮಾಡಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಮುಂಬೈ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಗ್ಯಾಸ್ ಒಲೆಯ ಎದುರು ನಿಂತು ಬಂದವನಿಗೆ ಪುಸ್ತಕದ ಗ್ಯಾಸ್ ಯಾಕೆ ಬೇಕು?

ಈ ಮಾರ್ಚಿನಲ್ಲಿ ಮನೆಯ ಬಾವಿ ತಳ ಕಂಡಿತು. ಹಿತ್ತಲಲ್ಲಿ ಹಲಗೆ ಮುಚ್ಚಿ ಬಿಟ್ಟಿದ್ದ ಹಳೇ ಬಾವಿಯ ಕೆಸರನ್ನು ನಾನೇ ತೆಗೆಯುತ್ತೇನೆಂದು ಹೊರಟೆ. ಇಳಿಯುವ ಮೊದಲು ದೀಪ ಬಿಟ್ಟು ನೋಡುವುದು ನಮ್ಮಲ್ಲಿ ಹಿರಿಯರ ಕ್ರಮ. ಕ್ರಮ ನನಗೆ ಗೊತ್ತಿತ್ತು. ಯಾಕೆಂದು ಗೊತ್ತಿರಲಿಲ್ಲ. ಬಕೆಟ್ಟಿನಲ್ಲಿ ದೀಪ ಇಟ್ಟು ಶಾಸ್ತ್ರೋಕ್ತವಾಗಿ ಇಳಿಸಿದೆ. ಅರ್ಧ ದಾರಿಯಲ್ಲಿ ಆರಿತು. ಮತ್ತೆ ಹಚ್ಚಿದೆ. ಅಲ್ಲಿಯೇ ಮತ್ತೆ ಆರಿತು.

“ಒಳಗೆ ಗಾಳಿ ಜೋರಿತ್ತ್. ಸೆಕೆ ಆತಿಲ್ಲೆ,” ಎಂದೆ.

ಒಂಬತ್ತನೇ ಕ್ಲಾಸಿನ ಮಗಳು ಸುಮಾ ಪುಸ್ತಕ ಹಿಡಿದುಕೊಂಡೇ ಓಡಿ ಬಂದಳು. ಮರುದಿನ ಅವಳಿಗೆ ವಿಜ್ಞಾನ ಪರೀಕ್ಷೆ.

“ಅಪ್ಪಯ್ಯ, ಇಳೂಕಾಗ. ದೀಪ ಉರೂಕೆ ಆಮ್ಲಜನಕ ಬೇಕ್. ಅಲ್ಲಿ ಅದಿಲ್ಲೆ. ಕೆಟ್ಟ ಗ್ಯಾಸ್ ತುಂಬಿತ್ತ್.”

“ಗ್ಯಾಸ್ ಇದ್ರೆ ವಾಸ್ನಿ ಬತ್ತಿಲ್ಯಾ? ನಂಗೆ ಗ್ಯಾಸ್ ಬಗ್ಗೆ ಹೇಳೂಕೆ ಬತ್ಯಾ?”

“ಹ್ವಾಯ್, ಹೆಣ್ಣು ಹೇಳುದ್ ಕೇಣಿ,” ಎಂದಳು ಹೆಂಡತಿ ಗಿರಿಜಾ.

ಕೇಳಲಿಲ್ಲ. ಮಗಳು ಅಳತೊಡಗಿದ್ದರಿಂದ ಅವಳ ಸಮಾಧಾನಕ್ಕೆ ಸೊಂಟಕ್ಕೊಂದು ಹಗ್ಗ ಕಟ್ಟಿಸಿಕೊಂಡು, ಅದನ್ನು ರಾಟೆಗೆ ಹಾಕಿಸಿ, ಗತ್ತಿನಿಂದ ಇಳಿದೆ. ದೀಪ ಆರಿದ ಜಾಗಕ್ಕೆ ಸರಿಯಾಗಿ ನಾನೂ ಆರಿದೆ!

ಮುಂದಿನದೆಲ್ಲ ಕೇಳಿ ತಿಳಿದದ್ದು. ನನ್ನನ್ನು ಹಿಡಿಯಲು ಗಿರಿಜಾ ಸೆರಗು ಸಿಕ್ಕಿಸಿಕೊಂಡು ಬಾವಿಕಟ್ಟೆ ಹತ್ತಿದಳಂತೆ. ಸುಮಾ ಅವಳನ್ನು ಹಿಂದಕ್ಕೆಳೆದು, “ನೀನ್ ಇಳ್ದ್ರೆ ನೀನೂ ಸಾಯ್ತಿ ಅಮ್ಮ, ಹಗ್ಗ ಎಳಿ,” ಎಂದು ಕಿರುಚಿದಳಂತೆ. ಎಂಬತ್ತು ಕಿಲೋದ ನನ್ನ ಪಾಂಡಿತ್ಯವನ್ನು ತಾಯಿ ಮಗಳು ಇಂಚಿಂಚಾಗಿ ಎಳೆದಿದ್ದಾರೆ. ಪಕ್ಕದ ಮನೆಯ ಶೀನಣ್ಣ ಬಂದು ಕೈ ಹಾಕುವ ತನಕ ಸುಮಾ ಹಗ್ಗ ಬಿಡಲಿಲ್ಲ.

ಮರುದಿನ ಕಣ್ಣು ಬಿಟ್ಟಾಗ ಕುಂದಾಪುರದ ಆಸ್ಪತ್ರೆ. ಮೂಗಿಗೆ ಆಮ್ಲಜನಕದ ನಳಿಗೆ.

“ಹಾಳು ಬಾವಿ, ಗಾಳಿ ತಾಗಿದ್ದ್ ಮಾರಾಯ. ಒಂದ್ ನೂಲ್ ಕಟ್ಸ್,” ಎಂದ ಶೀನಣ್ಣ. ಅವನು ಹೇಳಿದ್ದು ಭೂತದ ಗಾಳಿ.

“ಗಾಳಿ ತಾಗಿದ್ದಲ್ಲ ಶೀನಣ್ಣ. ಗಾಳಿ ಇಲ್ದೆ ಬಿದ್ದದ್ದ್,” ಎಂದೆ. ನಗು ಬಂತು. ಬಾಗಿಲಲ್ಲಿ ನಿಂತ ಸುಮಾಳನ್ನು ನೋಡಿ ನಗು ನಿಂತಿತು. ಎರಡೂ ಕೈಗೆ ಬ್ಯಾಂಡೇಜು. ಹಗ್ಗ ಜಾರದಂತೆ ಹಿಡಿದು ಅಂಗೈಯ ಚರ್ಮ ಕಿತ್ತು ಬಂದಿತ್ತು. ಬೆಳಿಗ್ಗೆ ಪೆನ್ನು ಹಿಡಿಯಲಾಗದೆ ಪರೀಕ್ಷೆ ತಪ್ಪಿತ್ತು. ಅವಳ ಕಣ್ಣಿಗೆ ಕಣ್ಣು ಕೊಡಲು ನನಗೆ ನಾಚಿಕೆಯಾಯಿತು. ಆ ಹೊತ್ತು ತಾಯಿಯೂ ಇಳಿದಿದ್ದರೆ ಈ ಹುಡುಗಿಗೆ ಯಾರಿದ್ದರು?

ಶಾಲೆಯವರು ರಜಾ ಅರ್ಜಿ ಕೇಳಿದ್ದರು. “ಜ್ವರ ಅಂದೇಳಿ ಬರೀನಿ, ಮರ್ಯಾದಿ ಆದ್ರೂ ಉಳಿತ್,” ಎಂದು ಗಿರಿಜಾ ಕಾಗದ ತಂದಿಟ್ಟಳು.

ತುಂಬ ಹೊತ್ತು ಯೋಚಿಸಿ ಬರೆದೆ: “ಮಾನ್ಯರೇ, ತಂದೆಗೆ ವಿಜ್ಞಾನ ಬಾರದ ಕಾರಣ ಮಗಳು ವಿಜ್ಞಾನ ಪರೀಕ್ಷೆಗೆ ಹಾಜರಾಗಿರುವುದಿಲ್ಲ. ದಯವಿಟ್ಟು ಮನ್ನಿಸಬೇಕು.”