ಪಿಟಿ ಮಾಸ್ಟ್ರ ಉಪಕಸುಬುಗಳು

ಕಡಬ ಪೇಟೆಯಲ್ಲಿ ಯಾರೂ ನನ್ನನ್ನು ‘ಹೇಗಿದ್ದೀರಿ’ ಅಂತ ಕೇಳುವುದಿಲ್ಲ. ‘ಈಗ ಎಂತ ಶುರು ಮಾಡಿದ್ದೀರಿ ಮಾಸ್ಟ್ರೇ?’ ಅಂತಲೇ ಕೇಳುವುದು. ನಾನೊಬ್ಬ ಖಾಸಗಿ ಹೈಸ್ಕೂಲಿನ ಪಿಟಿ ಮಾಸ್ಟ್ರು. ಸಂಬಳದ ಜೊತೆಗೆ ಸಣ್ಣದೊಂದು ಉಪಕಸುಬು ಬೇಕು, ತಲೆಬಿಸಿ ಇರಬಾರದು, ನಾಲ್ಕು ಕಾಲ ನಡೆಯಬೇಕು. ನನ್ನ ಆಸೆ ಇಷ್ಟೇ. ಇಷ್ಟಕ್ಕೇ ಏನೇನೋ ಆಗುತ್ತಾ ಬಂದಿದೆ.

ಅಣಬೆ

ಮನೆಯಲ್ಲಿ ತಂಪಾಗಿದ್ದದ್ದು ಒಂದೇ ಕೋಣೆ. ಅಲ್ಲಿ ಹೆಂಡತಿಯ ಹೊಲಿಗೆ ಮೆಷಿನ್ ಇತ್ತು. ರವಿಕೆ ಹೊಲಿದು ಕೊಡುತ್ತಿದ್ದಳು, ಒಳ್ಳೆಯ ಗಿರಾಕಿಗಳಿದ್ದರು. ಮೆಷಿನನ್ನು ಜಗಲಿಗೆ ಸಾಗಿಸಿ, ಒಳಗೆ ಬೈಹುಲ್ಲಿನ ಚೀಲಗಳನ್ನು ತೂಗುಹಾಕಿದೆ. ಅಣಬೆ ಚೆನ್ನಾಗಿಯೇ ಬಂತು. ಆದರೆ ಬಂದದ್ದು ಗುಡ್ಡೆಯಲ್ಲೆಲ್ಲ ತನ್ನಷ್ಟಕ್ಕೆ ಅಣಬೆ ಏಳುವ ಮಳೆಗಾಲದಲ್ಲಿ. ಪಕ್ಕದ ಮನೆಯ ಅಕ್ಕನಿಗೆ ಒಯ್ದು ತೋರಿಸಿದೆ.

“ಇದು ಎದ್ದದ್ದಾ, ಬೆಳೆಸಿದ್ದಾ?”

“ಬೆಳೆಸಿದ್ದು.”

“ಹಾಗಾದ್ರೆ ಬೇಡ. ನಮ್ಮಲ್ಲಿ ಎದ್ದದ್ದೇ ಬೇಕಾದಷ್ಟುಂಟು. ನಿಮಗೆ ಸ್ವಲ್ಪ ಕೊಡ್ಲಾ?”

ಅವರು ಕೊಟ್ಟದ್ದನ್ನೂ ಹಿಡಿದುಕೊಂಡು ಮನೆಗೆ ಬಂದೆ. ಹೆಂಡತಿ ಜಗಲಿಯಲ್ಲಿ, ಮಳೆಯ ಎರಚಲಿಗೆ ತುಕ್ಕು ಹಿಡಿದ ಮೆಷಿನಿಗೆ ಎಣ್ಣೆ ಬಿಡುತ್ತಿದ್ದಳು. ಅದರ ಮರದ ಹಲಗೆಯ ಮೇಲೆ ಬೆಳ್ಳಗೆ ಬೂಷ್ಟು ಬಂದಿತ್ತು.

“ಇಲ್ಲಿಯೂ ಎಂತದೋ ಎದ್ದಿದೆ ನೋಡಿ,” ಅಂದಳು. “ಇದನ್ನೂ ಮಾರುದಾ?”

ನಾನು ನಕ್ಕೆ. ಅವಳು ನಗಲಿಲ್ಲ. ಆ ಮೆಷಿನ್ ಮತ್ತೆ ಮೊದಲಿನ ಹಾಗೆ ಓಡಲೇ ಇಲ್ಲ.

ಜೇನು

ಜೇನು ಸಾಕುವವರ ಭಾಷೆಯಲ್ಲಿ ಒಂದು ಪೆಟ್ಟಿಗೆಯ ನೊಣಗಳಿಗೆಲ್ಲ ಸೇರಿ ‘ಕುಟುಂಬ’ ಎನ್ನುತ್ತಾರೆ. ನಾನು ತಂದ ಕುಟುಂಬ ಒಂದು ದಿನ ನನ್ನ ಪೆಟ್ಟಿಗೆ ಬಿಟ್ಟು ನೆರೆಮನೆಯವನ ಖಾಲಿ ಪೆಟ್ಟಿಗೆ ಸೇರಿತು. ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ಕೂತು, ಅದನ್ನು ಕೊಟ್ಟವರಿಗೆ ಫೋನ್ ಮಾಡಿದೆ. ಬಸ್ಸಿನ ಸದ್ದಿಗೆ ಸ್ವಲ್ಪ ಜೋರಾಗಿಯೇ ಮಾತಾಡಬೇಕಾಯಿತು.

“ನನ್ನ ಕುಟುಂಬ ಓಡಿಹೋಗಿದೆ ಮಾರಾಯ್ರೆ. ನೆರೆಮನೆಯವನಲ್ಲಿ ಉಂಟು... ಇಲ್ಲ, ಇನ್ನು ವಾಪಸು ಬರುದಿಲ್ಲ, ಅಲ್ಲಿ ಖುಷಿಯಲ್ಲಿ ಉಂಟು... ನಿಮ್ಮಲ್ಲಿ ಇನ್ನೊಂದು ಇದ್ರೆ ಇವತ್ತೇ ಬಂದು ಕೊಂಡುಹೋಗ್ತೇನೆ.”

ಫೋನ್ ಇಟ್ಟಾಗ ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಇಳಿಯುವಾಗ ನನ್ನ ಹೆಗಲ ಮೇಲೆ ಕೈಯಿಟ್ಟರು. “ಇನ್ನೊಂದು ತರುದು ಬೇಡ ಮಾಸ್ಟ್ರೇ. ಮಕ್ಕಳ ಮುಖ ನೋಡಿ ಸುಧಾರಿಸಿಕೊಳ್ಳಿ.”

ರಿಕ್ಷಾ

ಕೊನೆಗೆ, ಇದಕ್ಕಿಂತ ಸುಲಭದ್ದು ಬೇರೆ ಇಲ್ಲ ಅಂತ ಹಳೆಯದೊಂದು ರಿಕ್ಷಾ ತೆಗೆದುಕೊಂಡೆ. ಶಾಲೆ ಬಿಟ್ಟ ಮೇಲೆ ಸ್ಟ್ಯಾಂಡಿನಲ್ಲಿ ನಿಂತರಾಯಿತು. ಹಳ್ಳಿ ಕಡೆಗೆ ಹೋಗುವವರಿಗೆ ಕಡಬದಲ್ಲಿ ಬರವಿಲ್ಲ. ತೊಂದರೆ ಎಂತ ಅಂದರೆ, ಹಾಗೆ ಹೋಗುವವರಲ್ಲಿ ಹೆಚ್ಚಿನವರು ನನ್ನ ಹಳೆ ಶಿಷ್ಯರು. ಹತ್ತಲು ಬಗ್ಗಿದವರು ನನ್ನ ಮುಖ ಕಂಡ ಕೂಡಲೇ ಅಟೆನ್ಶನ್‌ನಲ್ಲಿ ನಿಲ್ಲುತ್ತಿದ್ದರು. ಮಾಸ್ಟ್ರು ಓಡಿಸುವಾಗ ತಾವು ಹಿಂದೆ ಕೂರುವುದು ಹೇಗೆ? “ನಾನು ನಡೆದೇ ಹೋಗ್ತೇನೆ ಸರ್,” ಅಂತ ಹೊರಟುಬಿಡುತ್ತಿದ್ದರು. ನಡೆಯುವುದು ಒಳ್ಳೆಯದು ಅಂತ ಕಲಿಸಿದ್ದೂ ನಾನೇ.

ಒಂದು ಸಂಜೆ ಅಕ್ಕಿ ಮೂಟೆ ಹೊತ್ತುಕೊಂಡು ಒಬ್ಬ ಬಂದ. ಅವನೂ ಶಿಷ್ಯನೇ, ಈಗ ಸುಳ್ಯದಲ್ಲಿ ಸ್ವಂತ ರಿಕ್ಷಾ ಓಡಿಸುವವ. ಮೂಟೆ ಇದ್ದುದರಿಂದ ಅವನಿಗೆ ನಡೆಯುವ ಹಾಗಿರಲಿಲ್ಲ. ಸ್ವಲ್ಪ ಯೋಚಿಸಿ, “ಸರ್, ನೀವು ಹಿಂದೆ ಕೂತ್ಕೊಳ್ಳಿ,” ಅಂದ. ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ. ಅಕ್ಕಿ ಮೂಟೆಯ ಪಕ್ಕದಲ್ಲಿ ನನ್ನನ್ನು ಕೂರಿಸಿ, ತಾನೇ ಓಡಿಸಿಕೊಂಡು ತನ್ನ ಮನೆಗೆ ಹೋದ. ದಾರಿಯುದ್ದಕ್ಕೂ ಜನ ನನಗೆ ಕೈ ಮುಗಿಯುತ್ತಿದ್ದರು.

ಅಂಗಳದಲ್ಲಿ ಮೂಟೆ ಇಳಿಸಿ ಅವನು ನನ್ನ ಕಾಲು ಮುಟ್ಟಿದ. ಇನ್ನಾದರೂ ಬಾಡಿಗೆ ಕೊಡುತ್ತಾನೆ ಅಂತ ಕಾದೆ. ಎಷ್ಟು ಅಂತ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ನನ್ನ ಕೈ ಹಿಡಿದುಕೊಂಡ.

“ಬಾಡಿಗೆಯ ಮಾತು ಎತ್ತಬೇಡಿ ಸರ್. ನಿಮ್ಮತ್ರ ನಾನು ತಗೊಳ್ಳುದುಂಟಾ?”