ಕಾಕಾ ಕೀಶ್ ಮಾಡಿದ್ದು

ಸಿಗರೇಟು ಬಿಟ್ಟವರು ಸಿಗುತ್ತಾರೆ, ಚಹಾ ಬಿಟ್ಟವರೂ ಸಿಗುತ್ತಾರೆ. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದು ಜೋಳದ ರೊಟ್ಟಿ ಬಿಟ್ಟವರನ್ನು ನೀವು ನೋಡಿದ್ದೀರಾ? ನೋಡಬೇಕೆಂದರೆ ಗೋಕುಲ ರಸ್ತೆಗೆ ಬನ್ನಿ, ನಮ್ಮ ಕಾಕಾ ಇದ್ದಾರೆ. ರೊಟ್ಟಿಯೊಂದೇ ಅಲ್ಲ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಕೊನೆಗೆ ಉಪ್ಪಿಟ್ಟನ್ನೂ ಬಿಟ್ಟ ಮಹಾತ್ಯಾಗಿ! ಸನ್ಯಾಸಿಗಳೂ ಇಷ್ಟೆಲ್ಲ ಬಿಡುವುದಿಲ್ಲ. ಮಠದಲ್ಲಿ ಹೊತ್ತಿಗೆ ಸರಿಯಾಗಿ ಪ್ರಸಾದ ಆಗುತ್ತದೆ.

ಹೋದ ವರ್ಷ ಕಾಕಿ ತೀರಿಕೊಂಡರು. ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ಕಾಕಾ ಒಂದು ಕಾನೂನು ಮಾಡಿದರು. ಕಾಕಿ ಮಾಡುತ್ತಿದ್ದ ಯಾವ ಅಡುಗೆಯನ್ನೂ ಇನ್ನು ಯಾರು ಮಾಡಿಕೊಟ್ಟರೂ ತಿನ್ನುವುದಿಲ್ಲ! ಧಾರವಾಡದ ಪಕ್ಕದ ಮುಗದ ಊರಿನ ಹೆಣ್ಣುಮಗಳು ನಮ್ಮ ಕಾಕಿ, ಆಕೆಗೆ ಬಾರದ ಅಡುಗೆಯಾದರೂ ಯಾವುದು? ಹೀಗಾಗಿ ಕಾಕಾರ ಪಾಲಿಗೆ ಉಳಿದದ್ದು ಬ್ರೆಡ್ಡು ಮತ್ತು ಹಾಲು. ನಾನು ಅವರ ಅಣ್ಣನ ಮಗಳು, ಇದೇ ಊರಲ್ಲಿರುವವಳು, ಪ್ರತಿ ಭಾನುವಾರ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದೆ. ಡಬ್ಬಿ ಮುಚ್ಚಳ ತೆರೆಯದೆ ವಾಪಸು ಬರುತ್ತಿತ್ತು. ಕಾಕಾರ ಅಂಗಿ ಮೊಳೆಗೆ ನೇತುಹಾಕಿದ ಹಾಗೆ ಮೈಮೇಲೆ ಜೋಲಾಡತೊಡಗಿದಾಗ ನನಗೆ ಹೆದರಿಕೆಯಾಯಿತು. ಒಂದು ದಿನ ಬಿಡದೆ ಪೀಡಿಸಿ ಕೇಳಿದೆ.

"ನಿನ್ನ ಅಡಿಗಿ ಛಲೋನ ಇರತೈತಿ ತಂಗಿ," ಅಂದರು. "ಅದಕ್ಕ ಅಂಜಿಕಿ. ಅದು ನಾಲಿಗಿ ಮ್ಯಾಲೆ ಕುಂತ್ರ ಆಕಿ ಕೈರುಚಿ ಅಳಿಸಿ ಹೋಗತೈತಿ. ಆಕಿದು ಅಂತ ನನ್ನ ಕಡೆ ಉಳದದ್ದು ಅದೊಂದ."

ಇಂಥ ಮನುಷ್ಯನ ಜೊತೆ ಏನು ವಾದ ಮಾಡುತ್ತೀರಿ? ಡಬ್ಬಿ ಎತ್ತಿಕೊಂಡು ಹೊರಟೆ. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ.

ಆದರೆ ಬ್ರೆಡ್ಡು ತಿಂದು ಎಷ್ಟು ದಿನ ಬದುಕಲಾದೀತು? ಕಾಕಾ ತಾವೇ ಒಂದು ದಾರಿ ಹುಡುಕಿದರು. ಕಾಕಿ ಕಂಡು ಕೇಳರಿಯದ ಅಡುಗೆಗಳನ್ನು ಮೊಬೈಲಿನಲ್ಲಿ ನೋಡಿ ಮಾಡಿಕೊಳ್ಳುವುದು! ಪಂಪಿನ ಬಿಡಿಭಾಗ ಮಾಡುವ ವರ್ಕ್‌ಶಾಪ್ ನಡೆಸಿದವರು, ಅಡುಗೆಮನೆಗೂ ಅಳತೆಯ ಸಾಮಾನು ತಂದರು. ಮೊದಲು ಮಾಡಿದ್ದು ಪಾಸ್ತಾ. ಅದರ ಬಿಳಿ ಸಾಸು ಎಷ್ಟು ಗಟ್ಟಿಯಾಯಿತೆಂದರೆ ಚಮಚ ನೆಟ್ಟಗೆ ನಿಂತುಕೊಂಡಿತು. ಬೇರೆಯವರಾದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಕಾಕಾ ವರ್ಕ್‌ಶಾಪಿನಲ್ಲಿ ಮೂಲೆ ಅಳೆಯುವ ಗುಣ್ಯಾ ಹಿಡಿದು ಚಮಚ ತೊಂಬತ್ತು ಡಿಗ್ರಿಯಲ್ಲಿ ನಿಂತಿದೆಯೇ ಎಂದು ನೋಡಿದರು. ನಿಂತಿತ್ತಂತೆ!

ಮುಂದೆ ಒಂದು ಸೋಮವಾರ ಕಾಕಿಯ ಹೆಸರಿನಲ್ಲಿ ಅಯ್ಯನವರನ್ನು ಊಟಕ್ಕೆ ಕರೆದರು. ಪಾದಪೂಜೆ ಎಲ್ಲ ಶಾಸ್ತ್ರೋಕ್ತ. ಎಲೆಗೆ ಬಡಿಸಿದ್ದು ಮಾತ್ರ ನೂಡಲ್ಸ್! ಪ್ರಸಾದ ಚೆಲ್ಲುವಂತಿಲ್ಲ, ಏಳುವಂತಿಲ್ಲ. ಪಾಪ, ಅಯ್ಯನವರು ಎಲೆಯನ್ನೊಮ್ಮೆ ನೋಡಿದರು, ಕಾಕಾರನ್ನೊಮ್ಮೆ ನೋಡಿದರು.

"ಶಾವಗಿ ಛಲೋ ಆಗೈತಿ," ಅಂದರು. "ಹಾಲು-ಸಕ್ರಿ ಇದ್ರ ತರ್ರಿ."

ಊಟಕ್ಕೆ ಸೇರಿದ್ದ ಮನೆಯವರೆಲ್ಲ ನಕ್ಕೆವು. ಕಾಕಾ ನಗಲಿಲ್ಲ. ಕಾಕಿಯ ಫೋಟೋದ ಮುಂದೆ ಎಡೆ ಹಿಡಿದು ನಿಂತಿದ್ದರು. ಎಡೆಯಲ್ಲೂ ಅದೇ ನೂಡಲ್ಸ್. ಎಡೆಯನ್ನು ಆಮೇಲೆ ತಾವೇ ತಿನ್ನಬೇಕಲ್ಲ, ಹಾಗಾಗಿ ಕಾಕಿಗೆ ಇಷ್ಟವಾದದ್ದನ್ನು ಕಾಕಿಗೇ ಇಡಲಾಗದ ಸ್ಥಿತಿ ಅವರದು. ನೋಡುತ್ತ ನನ್ನ ನಗುವೂ ನಿಂತಿತು.

ಕಳೆದ ಭಾನುವಾರ ಫೋನು ಬಂತು, "ಕೀಶ್ ಮಾಡಾಕತ್ತೇನಿ, ಲಗೂ ಬಾ" ಎಂದು. ಫ್ರಾನ್ಸಿನ ತಿಂಡಿಯಂತೆ. ಮೈದಾ ಹಿಟ್ಟಿನ ಬಟ್ಟಲು ಮಾಡಿ, ಅದರೊಳಗೆ ತತ್ತಿ, ಹಾಲು, ಚೀಸು, ತರಕಾರಿ ಸುರಿದು ಬೇಯಿಸಬೇಕು. ಬಟ್ಟಲಿಲ್ಲದೆ ಮಾಡುವ ಸುಲಭದ ಬಗೆಯೂ ಉಂಟು, ಕಾಕಾ ಆರಿಸಿಕೊಂಡದ್ದು ಅದನ್ನೇ.

ಸರಿ, ಬಟ್ಟಲು ಹೋಯಿತು. ಲಿಂಗ ಕಟ್ಟಿಕೊಂಡವರ ಮನೆಯೊಳಗೆ ತತ್ತಿಯೇ? ಅದೂ ಹೋಗಿ ಕಡಲೆಹಿಟ್ಟು ಬಂತು. ಚೀಸಿನ ವಾಸನೆಗೆ ಮುಖ ಕಿವುಚಿ ಹುಳಿ ಮಜ್ಜಿಗೆ ಸುರಿದರು. ಕಾಳುಮೆಣಸು ಮುಗಿದಿತ್ತು, ಹಸಿಮೆಣಸಿನಕಾಯಿ ಹಾಕಿದರು. ಯಾವುದೋ ಪರದೇಶದ ಸೊಪ್ಪಿನ ಬದಲು ಕೊತ್ತಂಬರಿ. ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ ಹಾಕದೆ ಸುಮ್ಮನಿರುವ ಕೈ ನಮ್ಮ ಕಡೆ ಇದೆಯೇ? ಹೆಚ್ಚಿದ ಬೆಳ್ಳುಳ್ಳಿಯೊಡನೆ ಒಗ್ಗರಣೆಯೂ ಬಿತ್ತು. ಹಿಟ್ಟು ತೆಳ್ಳಗಾಯಿತೆಂದು ಬಾಣಲೆಯಲ್ಲೇ ಗಟ್ಟಿಯಾಗುವವರೆಗೆ ತಿರುವಿ, ಎಣ್ಣೆ ಸವರಿದ ತಾಟಿಗೆ ಹಾಕಿ ತಟ್ಟಿದರು. ಓವನ್ ಇಲ್ಲದ್ದಕ್ಕೆ ಬೇಯಿಸಲೆಂದು ಪಕ್ಕದಲ್ಲಿ ಕುಕ್ಕರಿನ ತಳಕ್ಕೆ ಉಪ್ಪು ಹಾಸಿ ಕಾಯಲು ಇಟ್ಟಿದ್ದರು, ಅದು ಸುಮ್ಮನೆ ಕಾಯುತ್ತಲೇ ಇತ್ತು. ಬೇಯಲು ಇನ್ನೇನು ಉಳಿದಿದೆ?

ತಾಟು ನೋಡುತ್ತಲೇ ನನಗೆ ಗೊತ್ತಾಯಿತು. ನಿಮಗೂ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಅದು ಝುಣಕದ ವಡಿ! ಕಾಕಿ ವಾರಕ್ಕೊಮ್ಮೆಯಾದರೂ ತಟ್ಟುತ್ತಿದ್ದ, ಕಾಕಾ ವರ್ಕ್‌ಶಾಪಿಗೆ ಡಬ್ಬಿಯಲ್ಲಿ ಒಯ್ಯುತ್ತಿದ್ದ ಅದೇ ಝುಣಕ. ಗೊತ್ತಾಗದೆ ಇದ್ದದ್ದು ಮೊಬೈಲಿನ ಫ್ರೆಂಚ್ ಹೆಂಗಸನ್ನೇ ನೋಡುತ್ತಿದ್ದ ಕಾಕಾರಿಗೆ ಒಬ್ಬರಿಗೆ. ಹೇಳಿದರೆ ಇವತ್ತೂ ಉಪವಾಸ. ಹೇಳದಿದ್ದರೆ, ವರ್ಷವಿಡೀ ಹಸಿದುಕೊಂಡು ಕಾಯ್ದಿಟ್ಟ ರುಚಿ ಒಂದೇ ತುತ್ತಿಗೆ ಅಳಿಸಿಹೋದರೆ? ನಾನು ಬಾಯಿ ತೆರೆಯುವುದರೊಳಗೆ ಕಾಕಾ ಒಂದು ತುಣುಕು ಬಾಯಿಗೆ ಹಾಕಿಕೊಂಡಾಗಿತ್ತು.

ಅಗಿಯುವುದು ನಿಂತಿತು. ಕಣ್ಣು ಮುಚ್ಚಿಕೊಂಡರು.

"ಇದು ಝುಣಕ," ಅಂದರು ಮೆಲ್ಲಗೆ.

ತಾಟು ಎತ್ತಿಡಲು ಕೈ ಚಾಚಿದೆ. ಬಿಡಲಿಲ್ಲ. ಇನ್ನೊಂದು ತುಣುಕು ಬಾಯಿಗಿಟ್ಟುಕೊಂಡರು. ಪರೀಕ್ಷೆ ಮಾಡುವವರ ಹಾಗೆ ನಿಧಾನವಾಗಿ ಅಗಿದರು.

"ಬಳ್ಳೊಳ್ಳಿ ಹೆಚ್ಚಿ ಹಾಕೇನಿ, ತಪ್ಪಾತು. ಆಕಿ ಜಜ್ಜಿ ಹಾಕ್ತಿದ್ದಳು. ಮಜ್ಜಿಗಿ ಇನ್ನೀಟು ಹುಳಿ ಬೇಕಿತ್ತು. ಮ್ಯಾಲೆ ಒಣಕೊಬ್ಬರಿ ಇಲ್ಲ." ಮತ್ತೊಂದು ತುಣುಕು ಮುರಿದರು. "ಆಕಿ ಮಾಡಿದಂಗ ಆಗಿಲ್ಲ ತಂಗಿ. ಎಲ್ಲೆಲ್ಲೆ ಆಗಿಲ್ಲ ಅನ್ನೂದು ನನಗ ಎಲ್ಲಾ ಗೊತ್ತಾಗಾಕತ್ತೈತಿ. ನಾ ಏನೂ ಮರತಿಲ್ಲ."

ಕಾಕಿಗೆ ಮಣ್ಣು ಕೊಡುವಾಗಲೂ ಅಳದಿದ್ದ ಮನುಷ್ಯ ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಅಳುತ್ತಲೇ ತಿಂದರು. ಒಂದೊಂದು ತುಣುಕಿಗೂ ಒಂದೊಂದು ತಪ್ಪು ಹುಡುಕುತ್ತ ಇಡೀ ತಾಟು ಖಾಲಿ ಮಾಡಿದರು. ನನಗೆಂದು ಒಂದು ಚೂರೂ ಉಳಿಸಲಿಲ್ಲ.