ಸೇದುವವರ ಸಾಲಿಗೆ ಸೇರಿಸಿದ್ದು

ಅಕ್ಕ: ಆಗಲ್ಲ ಅಂದ್ರೆ ಆಗಲ್ಲ! ಕಟ್ಕೊಂಡ ಗಂಡ ಗಾಂಜಾ ಸೇದ್ತಾನೆ ಅಂತ ನನ್ನ ಬಾಯಾರೆ ಹೇಳ್ಲಾ?

ತಮ್ಮ: ಮೆಲ್ಲಗೆ ಅಕ್ಕಾ, ಪಕ್ಕದ ಮಂಚದೋರು ಕಿವಿ ನೆಟ್ಟಗೆ ಮಾಡ್ಕೊಂಡಿದ್ದಾರೆ. ಫೋನಲ್ಲಿ ಏನ್ ಬಂದಿದೆ ನೋಡು. ಲಕ್ವ ಹೊಡೆದು ಆಸ್ಪತ್ರೆ ಸೇರಿದೋರಲ್ಲಿ ಗಾಂಜಾ ಸೇದೋರೇ ಜಾಸ್ತಿ ಬದುಕಿ ಮನೆಗೆ ಹೋಗ್ತಾರಂತೆ.

ಅಕ್ಕ: ಸೇದೋರು ತಾನೇ? ನಮ್ಮೋರು ಸೇದಲ್ವಲ್ಲ!

ತಮ್ಮ: ಅದಕ್ಕೇ ಹೇಳಿದ್ದು. ಡಾಕ್ಟ್ರು ಬಂದಾಗ ಸೇದ್ತಾರೆ ಅನ್ನು. ಭಾವ ಬದುಕೋರ ಸಾಲಿಗೆ ಸೇರ್ಕೋತಾರೆ.

ಗೋಡೆಗೆ ಒತ್ತಿದ ಕಬ್ಬಿಣದ ಮಂಚದ ಮೇಲೆ ಭಾವ ಕಣ್ಣು ಮುಚ್ಚಿ ಮಲಗಿದ್ದ. ಕಸುಬಿನಲ್ಲಿ ದರ್ಜಿ, ವಯಸ್ಸು ಈಗಷ್ಟೇ ನಲವತ್ತು ದಾಟಿತ್ತು. ಮೊನ್ನೆ ಕೋಟಿನ ಬಟ್ಟೆ ಕತ್ತರಿಸುತ್ತಿದ್ದಾಗ ಕತ್ತರಿ ಜಾರಿ ಬಿದ್ದು, ಬಲಗೈ ಸೋತು, ಬಾಯಿ ಒಂದು ಕಡೆಗೆ ವಾಲಿತ್ತು. ಬಿಪಿ ಇಲ್ಲ, ಶುಗರ್ ಇಲ್ಲ, ಈ ವಯಸ್ಸಿಗೆ ಹೀಗೇಕಾಯಿತು ಎಂದು ತಲೆ ಕೆರೆದುಕೊಂಡ ಡಾಕ್ಟರು ಏನಾದರೂ ಚಟವಿದೆಯೇ ಎಂದು ನಿನ್ನೆ ಕೇಳಿದ್ದರು. ಅಪ್ಪಟ ಚಿನ್ನ ಎಂದು ಹೆಂಡತಿ ಆಣೆಯಿಟ್ಟು ಹೇಳಿದ್ದಳು. ಆ ಕೈ ಇನ್ನು ಕತ್ತರಿ ಹಿಡಿಯುತ್ತದೋ ಇಲ್ಲವೋ ಎಂಬ ದಿಗಿಲು ಅವಳಿಗೆ. ಗಾಯದ ಮೇಲೆ ಬರೆ ಎಳೆದಂತೆ ಈಗ ಈ ತಮ್ಮ ಬೇರೆ.

ಅಕ್ಕ: ಬರೀ ಹೇಳಿದ್ರೆ ಬದುಕ್ಬಿಡ್ತಾರೇನೋ? ಈಜು ಬರುತ್ತೆ ಅಂತ ಹೇಳಿ ಬಾವಿಗೆ ಹಾರಿದ್ರೆ ತೇಲ್ತೀಯಾ?

ತಮ್ಮ: ಡಾಕ್ಟ್ರು ಅದಕ್ಕೆ ತಕ್ಕ ಔಷಧಿ ಕೊಡ್ತಾರಕ್ಕಾ. ನಿಂಗೆ ಮರ್ಯಾದೆ ಮುಖ್ಯಾನೋ, ಭಾವ ಮುಖ್ಯಾನೋ?

ಅಕ್ಕ: (ಗಂಡನ ಕಡೆ ತಿರುಗಿ) ಕೇಳಿದ್ರಾ ಇವನ ಮಾತು? ಬೀಡಿ ಹೊಗೆಗೇ ಕೆಮ್ಮೋ ಮನುಷ್ಯ ನೀವು. ಇಂಥ ಸುಳ್ಳು ಹೇಳೋಕೆ ನಾಲಗೆ ಹೇಗೆ ಏಳುತ್ತೆ ರೀ?

ಗಂಡ: ಹೇ... ಳು.

ಅಕ್ಕ: ಏನಂದ್ರಿ?

ಗಂಡ: ಹೇಳ್... ಬಿಡು.

ಅವಳ ಕಣ್ಣು ತುಂಬಿ ಬಂತು. ಹೆಂಡತಿಯನ್ನು ನಡುನೀರಿನಲ್ಲಿ ಬಿಡಬಾರದೆಂದು ಕಳಂಕ ಹೊರಲೂ ತಯಾರಾಗಿದ್ದಾನಲ್ಲ! ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದುಕೊಂಡಳು. ಅಷ್ಟರಲ್ಲಿ ಪರದೆ ಸರಿಸಿ ಡಾಕ್ಟರು ಬಂದರು.

ಅಕ್ಕ: ಡಾಕ್ಟ್ರೇ, ನಿನ್ನೆ ಸುಳ್ಳು ಹೇಳಿದ್ದೆ. ಇವರು ಗಾಂಜಾ ಸೇದ್ತಾರೆ. ಸ್ನಾನ ತಪ್ಪಿದ್ರೂ ಅದು ಮಾತ್ರ ತಪ್ಪಲ್ಲ!

ಡಾಕ್ಟರು: ಸದ್ಯ, ನೀವಾಗೇ ಹೇಳಿದ್ರಲ್ಲಮ್ಮ. ಬೆಳಿಗ್ಗೆ ಮೂತ್ರದ ಪರೀಕ್ಷೆಯಲ್ಲೇ ಗೊತ್ತಾಯ್ತು. ನಿಮಗೆ ಹೇಗೆ ಹೇಳೋದು ಅಂತ ಒದ್ದಾಡ್ತಿದ್ದೆ.

ಅಕ್ಕ: ಏನು... ಏನು ಗೊತ್ತಾಯ್ತು?

ಡಾಕ್ಟರು: ಗಾಂಜಾ.

ಅವಳು ಗಂಡನನ್ನು ನೋಡಿದಳು. ಅವನು ಇದ್ದಕ್ಕಿದ್ದಂತೆ ಗಾಢ ನಿದ್ದೆಗೆ ಜಾರಿದ್ದ.

ತಮ್ಮ: (ಹಿಗ್ಗಿನಿಂದ) ಹಾಗಿದ್ರೆ ಬದುಕ್ತಾರೆ ಅಲ್ವಾ ಡಾಕ್ಟ್ರೇ? ಸೇದೋರೇ ಜಾಸ್ತಿ ಬದುಕೋದಂತಲ್ಲ!

ಡಾಕ್ಟರು: ಹೌದಪ್ಪ, ಬದುಕ್ತಾರೆ. ಯಾಕೆ ಗೊತ್ತಾ? ಎಪ್ಪತ್ತಕ್ಕೆ ಇಲ್ಲಿಗೆ ಬರಬೇಕಾದೋರು ನಲವತ್ತಕ್ಕೇ ಬಂದಿರ್ತಾರೆ. ಚಿಕ್ಕ ವಯಸ್ಸು, ಗಟ್ಟಿ ಮೈ, ತಡ್ಕೋತಾರೆ. ಉಳಿಸೋದು ವಯಸ್ಸು, ಹೆಸರು ಗಾಂಜಾದ್ದು. ಇವರನ್ನ ಈ ಮಂಚಕ್ಕೆ ತಂದಿದ್ದೇ ಅದಿರಬಹುದು.

ತಮ್ಮ: ಛೇ, ಸಾಧ್ಯಾನೇ ಇಲ್ಲ! ನಾನು ತಂದ್ಕೊಡ್ತಿದ್ದಿದ್ದು ಒಂಚೂರೂ ಕಲಬೆರಕೆ ಇಲ್ಲದ ಮಾಲು!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಅಂಗೈಯಿಂದ ಬಾಯಿ ಮುಚ್ಚಿಕೊಂಡರೂ ಪಕ್ಕದ ಮಂಚದವರಿಗೂ ಅದು ಕೇಳಿಸಿಯಾಗಿತ್ತು. ಅಕ್ಕ ಕೂಗಾಡಲಿಲ್ಲ. ಅದಕ್ಕೇ ತಮ್ಮನಿಗೆ ಹೆಚ್ಚು ಭಯವಾಯಿತು.

ಅಕ್ಕ: ಡಾಕ್ಟ್ರೇ, ಇವರ ಕೈ ಸರಿಹೋಗುತ್ತಾ?

ಡಾಕ್ಟರು: ಆ ಚಟ ಬಿಟ್ಟು, ದಿನಾ ವ್ಯಾಯಾಮ ಮಾಡಿದ್ರೆ ಬಹಳಷ್ಟು ಸರಿಹೋಗುತ್ತೆ. ಮಾತು ಇನ್ನೊಂಚೂರು ಬರಲಿ, ಮನೆಗೆ ಕಳಿಸ್ತೀನಿ.

ಅಕ್ಕ: ಮನೆಗೇ ತಾನೇ? ಕಳಿಸಿ ಡಾಕ್ಟ್ರೇ, ಕಳಿಸಿ.

ಮೊನ್ನೆಯಿಂದ ಮೊದಲ ಬಾರಿಗೆ ಅವಳು ನಕ್ಕಳು. ಆ ನಗು ಕಂಡು ತಮ್ಮ ಬಾಗಿಲ ಕಡೆ ಸರಿದ. ರೋಗಿ ತಟ್ಟನೆ ಕಣ್ಣು ಬಿಟ್ಟು, ಎಡಗೈಯಿಂದ ಡಾಕ್ಟರ ಕೋಟು ಹಿಡಿದುಕೊಂಡ.

ಗಂಡ: ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಯಾವ ಕಾರಣಕ್ಕೂ ನನ್ನನ್ನ ಮನೆಗೆ ಮಾತ್ರ ಕಳಿಸ್ಬೇಡಿ!

ಡಾಕ್ಟರು: ಭೇಷ್! ಒಂದಕ್ಷರ ತೊದಲಲಿಲ್ಲ. ನಾಳೆನೇ ಕರ್ಕೊಂಡು ಹೋಗಿಯಮ್ಮ.